ಪದ್ಮನಾಭ ಮಾಸ್ಟ್ರ ಹಿತ್ತಾಳೆ ಹಂದಿ

ಪದ್ಮನಾಭ ಮಾಸ್ಟ್ರ ಕೋಟಿನ ಬಲಗಡೆಯ ಕಿಸೆ ಸದಾ ಜೋತುಬಿದ್ದಿರುತ್ತಿತ್ತು. ಒಳಗೊಂದು ಲೋಹದ ಪ್ರಾಣಿ ಇರುತ್ತಿತ್ತು. ಅವರು ನಮ್ಮ ಶಾಲೆಯ ಡ್ರಾಯಿಂಗ್ ಮಾಸ್ಟ್ರು, ನಾನು ಕನ್ನಡ ಪಂಡಿತ. ಜೆಪ್ಪುವಿನಲ್ಲಿ ನಮ್ಮದು ಅಕ್ಕಪಕ್ಕದ ಮನೆ.

ಊರು ಬಿಟ್ಟುಹೋಗುವ ಬಿಳಿಯ ದೊರೆಗಳ ಬಂಗಲೆಯಲ್ಲಿ ಏಲಂ ನಡೆದರೆ ಜನ ಮಂಚ, ಗಡಿಯಾರಗಳಿಗೆ ಮುಗಿಬೀಳುತ್ತಿದ್ದರು. ಮಾಸ್ಟ್ರು ಮಾತ್ರ ಯಾರಿಗೂ ಬೇಡವಾದ ಹೊಸ ಮಾದರಿಯ ಲೋಹದ ಪ್ರಾಣಿಗಳನ್ನು ಹುಡುಕುತ್ತಿದ್ದರು: ಒಂದೇ ಗೆರೆಯಲ್ಲಿ ಎದ್ದು ನಿಂತ ಕೊಕ್ಕರೆ, ಮೀನಿನಂತೆ ಬಳುಕಿದ ದೀಪದ ಕಂಬ.

"ಈ ಕೊಕ್ಕರೆಗೆ ಕಣ್ಣೇ ಇಲ್ಲವಲ್ಲ" ಎಂದೆ ಒಮ್ಮೆ.

"ಕಣ್ಣು ಎಂತಕ್ಕೆ ಮಾರಾಯ್ರೆ? ಹಾರ್ಲಿಕ್ಕೆ ಹೊರಟದ್ದು ಗೊತ್ತಾಗ್ತದಲ್ಲ, ಸಾಕು."

ಅವರಿಗೆ ಎಲ್ಲಕ್ಕಿಂತ ಪ್ರಿಯವಾದದ್ದು ಒಂದು ಹಿತ್ತಾಳೆಯ ಕಾಡುಹಂದಿ. ಬೆನ್ನಿನಲ್ಲಿ ಸಿಗರೇಟಿನ ಬೂದಿಗೆಂದು ಒಂದು ಕುಳಿ. ಉಳ್ಳಾಲದಿಂದ ಬಂದ ಅವರ ದೊಡ್ಡಮ್ಮ ಅದನ್ನು ಕಂಡವರೇ ಬೂದಿ ಒರೆಸಿ, ಮುಂದೆ ಒಂದು ಕೇಪಳದ ಹೂವಿಟ್ಟರು.

"ಪಂಜುರ್ಲಿಯ ಬೆನ್ನಿಗೆ ಬೂದಿ ಹಾಕ್ತೀಯಾ?"

ಪಂಜುರ್ಲಿಯೆಂದರೆ ಅವರ ಮನೆತನ ನಂಬಿದ ಹಂದಿರೂಪದ ದೈವ.

"ಇದು ವಿಯೆನ್ನಾದಲ್ಲಿ ಮಾಡಿದ್ದು ದೊಡ್ಡಮ್ಮ. ಅಲ್ಲಿ ಪಂಜುರ್ಲಿ ಎಲ್ಲಿ ಉಂಟು?"

"ಮಾಡಿದವನಿಗೆ ಯಾರು ತೋರಿಸಿದ್ದು ಅಂತ ನಿನಗೆ ಗೊತ್ತುಂಟಾ?"

ಮಾಸ್ಟ್ರಿಗೆ ಸಿಟ್ಟು ಬರಲಿಲ್ಲ, ಕುತೂಹಲ ಹತ್ತಿತು. ಮುಂದಿನ ಆದಿತ್ಯವಾರವೇ ನನ್ನನ್ನು ಎಳೆದುಕೊಂಡು ಉಳ್ಳಾಲದ ದೋಣಿ ಹತ್ತಿದರು. ದೊಡ್ಡಮ್ಮನ ಮನೆಯ ದೈವದ ಕೋಣೆಯಲ್ಲಿ ಹಳೆಯ ಕಂಚಿನ ಹಂದಿಮೊಗವಿತ್ತು. ಅದರ ಮೂತಿಯ ಇಳಿಜಾರನ್ನು ಮಾಸ್ಟ್ರು ಬೆರಳಿನಿಂದ ಗಾಳಿಯಲ್ಲಿ ಮತ್ತೆ ಮತ್ತೆ ಬರೆದರು.

"ಇದರಲ್ಲಿಯೂ ಬೇಡದ್ದು ಒಂದೂ ಇಲ್ಲ ನೋಡಿ" ಎಂದರು ಮೆಲ್ಲಗೆ.

ಹೊರಡುವಾಗ ದೊಡ್ಡಮ್ಮ ಆ ಹಿತ್ತಾಳೆ ಹಂದಿಯನ್ನು ದೈವದ ಪಕ್ಕದಲ್ಲಿಡಲು ಕೊಡು ಎಂದು ಕೇಳಿದರು. ಸಂಗ್ರಹದಿಂದ ಯಾರಿಗೂ ಏನನ್ನೂ ಕೊಡದ ಮನುಷ್ಯ ಆ ಮಳೆಗಾಲವಿಡೀ ಒದ್ದಾಡಿದರು. ಕೊನೆಗೊಂದು ದಿನ ಹಂದಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿ ಕೊಟ್ಟುಬಂದರು. ಅದು ದೈವದ ಪಕ್ಕದಲ್ಲಿ ಕುಳಿತ ಮೇಲೆ ಮುಟ್ಟುವಂತಿರಲಿಲ್ಲ. ಆಗಾಗ ಹೋಗಿ ಹೊಸ್ತಿಲಾಚೆ ನಿಂತು ನೋಡಿ ಬರುತ್ತಿದ್ದರು.

ನಾವು ಕೊನೆಯ ಬಾರಿ ಒಟ್ಟಿಗೆ ಹೋದಾಗ ಎರಡನೆಯ ಮಹಾಯುದ್ಧ ಮುಗಿದಿತ್ತು, ದೊಡ್ಡಮ್ಮ ಬದುಕಿರಲಿಲ್ಲ. ಮಾಸ್ಟ್ರಿಗೆ ದಮ್ಮು. ದೊಡ್ಡಮ್ಮನ ಮಗ ಅವರ ಮುಖ ನೋಡಿ, "ಬೇಕಾದ್ರೆ ತಕೊಂಡು ಹೋಗಿ ಅಣ್ಣ. ದೈವದ ಅಪ್ಪಣೆ ನಾನು ಕೇಳ್ತೇನೆ" ಎಂದ.

ಮಾಸ್ಟ್ರು ಬಹಳ ಹೊತ್ತು ಒಳಗೆ ನೋಡಿದರು. ಹೂವಿನ ರಾಶಿಯ ನಡುವೆ ಮೂತಿಯಷ್ಟೇ ಕಾಣುತ್ತಿತ್ತು.

"ಬೇಡ. ನನ್ನ ಮನೆಯಲ್ಲಿ ಅದನ್ನು ನೋಡುವವ ನಾನೊಬ್ಬನೇ" ಎಂದರು.

ಆ ವರ್ಷ ಮಳೆ ಬಿಡದ ಆಟಿ ತಿಂಗಳಿನಲ್ಲಿ ಅವರು ತೀರಿಕೊಂಡರು.