ಏನೂ ಒಡೆಯದ ಲ್ಯಾಬು

ಆ ದೊಡ್ಡ ಕಾಲೇಜಿನಲ್ಲಿ ಪ್ರಿನ್ಸಿಪಾಲರು ಬಂದರು, ಹೋದರು. ಕದಲದೆ ಉಳಿದವನು ರಸಾಯನಶಾಸ್ತ್ರದ ಲ್ಯಾಬಿನ ಅಟೆಂಡರ್ ಒಬ್ಬನೇ. ಸೊಂಟದಲ್ಲಿ ಸದಾ ಕೀಲಿಗೊಂಚಲು ಸದ್ದು ಮಾಡುತ್ತಿದ್ದುದರಿಂದ ಹುಡುಗರು ಅವನನ್ನು ಕೀಲಿಯಣ್ಣ ಎಂದು ಕರೆಯುತ್ತಿದ್ದರು. ಇಪ್ಪತ್ತಾರು ವರ್ಷದಲ್ಲಿ ತನ್ನ ಲ್ಯಾಬಿನಲ್ಲಿ ಒಡೆದದ್ದು ಎರಡೇ ಬೀಕರು, ಅದರಲ್ಲೂ ಒಂದು ಕಿಟಕಿಯಿಂದ ನುಗ್ಗಿದ ಬೆಕ್ಕಿನ ತಪ್ಪು ಎಂದು ಅವನು ಕೇಳಿದವರಿಗೂ ಹೇಳುತ್ತಿದ್ದ, ಕೇಳದವರಿಗೂ ಹೇಳುತ್ತಿದ್ದ.

ಮಗಳು ಒಳ್ಳೆಯ ಅಂಕ ತೆಗೆದು ಪಾಸಾದಾಗ ಪ್ರಿನ್ಸಿಪಾಲರೇ ಅವನನ್ನು ಕರೆಸಿ, ಸಿಬ್ಬಂದಿಯ ಮಕ್ಕಳಿಗೆಂದು ಇಟ್ಟ ಸೀಟು ಈ ಸಲ ನಿನ್ನ ಮಗಳಿಗೇ, ಶುಕ್ರವಾರದೊಳಗೆ ಅರ್ಜಿ ತುಂಬಿಸು ಎಂದರು. ಅಲ್ಲಿ ಒಂದು ಸೀಟಿಗಾಗಿ ಎಂತೆಂಥವರೋ ಬಂದು ಕಾದು ಕೂರುವುದನ್ನು ಕಂಡವನು ಅವನು. ಆ ಸಂಜೆ ಕೀಲಿಯಣ್ಣನ ಕಾಲು ನೆಲದ ಮೇಲಿರಲಿಲ್ಲ. ಮನೆಗೆ ಬಂದು ಸುದ್ದಿ ಹೇಳಿದರೆ ಮಗಳು ತಟ್ಟೆಯಿಂದ ತಲೆ ಎತ್ತಲಿಲ್ಲ.

"ಅಪ್ಪ, ನನಗೆ ಅಲ್ಲಿ ಬೇಡ. ಸೇತುವೆ ಆಚೆ ಕಾಲೇಜಿಗೆ ಹೋಗ್ತೀನಿ."

ಸೇತುವೆಯಾಚೆಯ ಕಾಲೇಜೆಂದರೆ ಗೋಡೆಗಳು ಬಣ್ಣ ಕಂಡು ಯಾವ ಕಾಲವಾಯಿತೋ. ಕೀಲಿಯಣ್ಣ ಕೆರಳಿದ. ತನ್ನ ಅಕ್ಕನ ಮಗನನ್ನು ನೋಡು, ನಮ್ಮಲ್ಲೇ ಓದಿ ಹೇಗೆ ಮೇಲೆ ಬಂದ ಎಂದು ದಬಾಯಿಸಿದ. ಅದು ಸುಳ್ಳೇನಲ್ಲ. ಆದರೆ ಆ ಹುಡುಗ ಪುಸ್ತಕವನ್ನು ಮೂರು ಸಲ ಓದಿದರೆ ಅಲ್ಪವಿರಾಮದ ಸಮೇತ ಒಪ್ಪಿಸುವವನು; ಅವನಿಗೆ ಆ ಕಾಲೇಜು ಹೇಳಿ ಮಾಡಿಸಿದ ಹಾಗಿತ್ತು. ಇವಳ ಜಾತಕವೇ ಬೇರೆ. ಕೈಗೆ ಸಿಗದ ಯಾವುದೂ ಇವಳ ತಲೆಗೆ ಹತ್ತುತ್ತಿರಲಿಲ್ಲ. ಮನೆಯ ಗಡಿಯಾರ, ಮಿಕ್ಸಿ, ಇಸ್ತ್ರಿಪೆಟ್ಟಿಗೆ ಎಲ್ಲವನ್ನೂ ಒಂದೊಂದು ಸಲ ಬಿಚ್ಚಿ ಹರವಿ, ಅಪ್ಪನಿಂದ ಬೈಸಿಕೊಂಡು, ಮತ್ತೆ ಜೋಡಿಸಿಟ್ಟವಳು.

ಗಂಡನಿಗೂ ಮಗಳಿಗೂ ನಡುವೆ ಎರಡು ದಿನ ಸಿಕ್ಕಿ ಸಾಕಾದ ತಾಯಿ ಕೊನೆಗೆ, ನೋಡದೆ ಜರಿಯಬೇಡಿ, ಒಂದು ಸಲ ಹೋಗಿ ಬನ್ನಿ ಎಂದಳು. ಗುರುವಾರ ಕೀಲಿಯಣ್ಣ ರಜೆ ಹಾಕಿ ಮಗಳ ಜೊತೆ ಹೊರಟ. ಹುಳುಕು ಹುಡುಕಲೆಂದೇ ಹೊರಟನೆನ್ನಿ.

ಹುಡುಕುವ ಶ್ರಮವೂ ಬೇಕಾಗಲಿಲ್ಲ. ಲ್ಯಾಬಿನ ಮೇಜುಗಳ ತುಂಬ ಆಸಿಡ್ ಸುಟ್ಟ ಕಲೆ. ನಲ್ಲಿಗಳೆಲ್ಲ ತಿರುಗಿಸಿ ತಿರುಗಿಸಿ ಸಡಿಲ. ಮೂಲೆಯ ಬಕೆಟ್ಟಿನಲ್ಲಿ ಅರ್ಧದವರೆಗೆ ಒಡೆದ ಗಾಜು. ಅದನ್ನು ಕಂಡು ಕೀಲಿಯಣ್ಣನ ಮುಖ ಅರಳಿತು. ಬಾಟಲಿಗಳಿಗೆ ಚೀಟಿ ಅಂಟಿಸುತ್ತಿದ್ದ ಅಲ್ಲಿನ ಅಟೆಂಡರಮ್ಮನನ್ನು, ತಾನೂ ಒಂದು ಲ್ಯಾಬಿನ ಅಟೆಂಡರೇ ಎಂದು ಹೇಳಿಕೊಂಡು, ವರ್ಷಕ್ಕೆ ಎಷ್ಟು ಒಡೆಯುತ್ತೀರಿ ಎಂದು ತಣ್ಣಗೆ ಕೇಳಿದ.

"ಲೆಕ್ಕ ಇಟ್ಟಿಲ್ಲ ಅಣ್ಣ," ಎಂದಳು ಆಕೆ. "ಮಕ್ಕಳು ಮುಟ್ಟಿದ ಮೇಲೆ ಒಡೆಯದೆ ಇರುತ್ತಾ? ನಿಮ್ಮಲ್ಲಿ ಎಷ್ಟು?"

ಎರಡು ಎಂದು ಹೇಳಲು ಅವನು ಬಾಯಿ ತೆರೆದ. ಅಷ್ಟರಲ್ಲಿ ತನ್ನ ಲ್ಯಾಬು ಕಣ್ಣ ಮುಂದೆ ಬಂತು. ತನ್ನ ಲ್ಯಾಬಿನಲ್ಲಿ ಮೇಷ್ಟರು ಮುಂದೆ ನಿಂತು ಮಾಡಿ ತೋರಿಸುತ್ತಾರೆ, ನಲವತ್ತು ಮಕ್ಕಳು ಸುತ್ತ ನಿಂತು ನೋಡಿ ಬರೆದುಕೊಳ್ಳುತ್ತಾರೆ, ಆಮೇಲೆ ತಾನು ಎಲ್ಲವನ್ನೂ ತೊಳೆದು, ಒರೆಸಿ, ಕಪಾಟಿಗಿಟ್ಟು ಬೀಗ ಹಾಕುತ್ತಾನೆ. ಒಡೆಯಬೇಕಾದರೆ ಮೊದಲು ಯಾರಾದರೂ ಮುಟ್ಟಬೇಕಲ್ಲ. ಇಷ್ಟು ವರ್ಷ ಎದೆಯುಬ್ಬಿಸಿ ಹೇಳಿಕೊಂಡ ಮಾತಿಗೆ ಅವನಿಗೆ ನಾಚಿಕೆಯಾಯಿತು.

ಅತ್ತ ಮಗಳು ಆಗಲೇ ಒಂದು ಮೇಜಿನ ಬಳಿ ಸೇರಿಕೊಂಡಿದ್ದಳು. ಅಲ್ಲಿದ್ದ ಎರಡನೆಯ ವರ್ಷದ ಹುಡುಗಿಯೊಬ್ಬಳು ಜಾಗ ಬಿಟ್ಟು, ನೀನೂ ಮಾಡಿ ನೋಡು ಎಂದಳು. ಮೊದಲ ಸಲ ಬ್ಯುರೆಟ್ಟಿನ ಉದ್ದ ಗಾಜಿನ ಕೊಳವೆಯಿಂದ ನಾಲ್ಕು ಹನಿ ಹೆಚ್ಚು ಬಿದ್ದು, ತಿಳಿಯಾಗಿ ನಿಲ್ಲಬೇಕಿದ್ದ ಬಣ್ಣ ಗಾಢವಾಗಿ ಕೆಟ್ಟಿತು. ಚೆಲ್ಲಿ, ತೊಳೆದು ಮತ್ತೆ ಶುರು ಮಾಡಿದಳು. ಬೆನ್ನು ಬಗ್ಗಿಸಿ, ಉಸಿರು ಬಿಗಿಹಿಡಿದು, ಹನಿಹನಿಯಾಗಿ ಬಿಟ್ಟಳು. ಬಣ್ಣವಿಲ್ಲದ ದ್ರಾವಣ ತಿಳಿಗುಲಾಬಿಗೆ ತಿರುಗಿದ ಗಳಿಗೆಗೆ ಸರಿಯಾಗಿ ಅವಳ ಬೆರಳು ತಿರುಪನ್ನು ನಿಲ್ಲಿಸಿತ್ತು. ಆ ಕೈ ಚೂರೂ ನಡುಗಿರಲಿಲ್ಲ. ಮನೆಯಲ್ಲಿ ತಾನು ಮುಟ್ಟಬೇಡ, ಮುಟ್ಟಬೇಡ ಎಂದು ಬೈಯುತ್ತಿದ್ದುದು ಇದೇ ಕೈಗೆ ಎಂದು ನೆನೆದು ಕೀಲಿಯಣ್ಣನ ಕಣ್ಣು ತುಂಬಿತು. ಕೆಮ್ಮುವ ನೆಪದಲ್ಲಿ ಹೊರಗೆ ಹೋದ.

ಶುಕ್ರವಾರ ಬೆಳಿಗ್ಗೆ ಪ್ರಿನ್ಸಿಪಾಲರ ಮುಂದೆ ನಿಂತು, ಸೀಟು ಬೇರೆಯವರಿಗೆ ಕೊಟ್ಟುಬಿಡಿ ಎಂದ. ಅವರು ಕನ್ನಡಕ ತೆಗೆದಿಟ್ಟು, ನಮ್ಮಲ್ಲಿ ಇಲ್ಲದ್ದು ಅಲ್ಲೇನಿದೆ ಎಂದು ಕೇಳಿದರು.

"ಸಾಮಾನು ನಮ್ಮಲ್ಲೇ ಜಾಸ್ತಿ ಇದೆ ಸಾರ್. ನಮ್ಮದು ಒಳ್ಳೆ ಕಾಲೇಜೇ. ಆದರೆ ನನ್ನ ಮಗಳು ನೋಡಿ ಕಲಿಯೋಳಲ್ಲ, ಮಾಡಿ ಕಲಿಯೋಳು."

ಪ್ರಿನ್ಸಿಪಾಲರಿಗೆ ಅದು ಉದ್ಧಟತನವಾಗಿ ಕಂಡಿರಬೇಕು, ಹೊರಡು ಎನ್ನುವಂತೆ ಕೈಯಾಡಿಸಿದರು. ಸಿಬ್ಬಂದಿಯ ಕೋಣೆಯಲ್ಲಿ ವಾರವಿಡೀ ಅವನನ್ನು ಆಡಿಕೊಂಡರು. ಕೀಲಿಯಣ್ಣ ತಲೆ ಕೆಡಿಸಿಕೊಳ್ಳಲಿಲ್ಲ.

ಕ್ಲಾಸು ಶುರುವಾಗಿ ಮೂರನೆಯ ವಾರ ಮಗಳು ಸಂಜೆ ಬಂದವಳು ಒಳಗೆ ಕಾಲಿಡದೆ ಬಾಗಿಲಲ್ಲೇ ನಿಂತಳು.

"ಬೈಬೇಡಿ ಅಪ್ಪ. ಇವತ್ತು ಒಂದು ಪಿಪೆಟ್ ಒಡೆದುಬಿಟ್ಟೆ."

"ನಿನ್ನ ಕೈಯಿಂದಲೇ ತಾನೆ?"

"ಹೂಂ."

ಕೀಲಿಯಣ್ಣ ಕುರ್ಚಿಯಿಂದ ಎದ್ದು, ಅಡುಗೆಮನೆಗೂ ಅಕ್ಕಪಕ್ಕದ ಮನೆಗಳಿಗೂ ಒಟ್ಟಿಗೇ ಕೇಳುವ ಹಾಗೆ ಹೇಳಿದ, "ಕೇಳಿದೆಯೇನೇ, ನಮ್ಮ ಹುಡುಗಿ ಲ್ಯಾಬಲ್ಲಿ ಕೆಲಸ ಶುರು ಮಾಡಿದ್ದಾಳೆ."