ಆ ಕಾದಂಬರಿಯವಳಿಗೆ ಮಗಳಿರಲಿಲ್ಲ

ತ್ಯಾಗರಾಜನಗರದಲ್ಲಿ ನಿವೃತ್ತ ಕನ್ನಡ ಲೆಕ್ಚರರ್ ಒಬ್ಬರ ಮನೆಯಲ್ಲಿ ನಾವು ಕೆಲವು ಹೆಂಗಸರು ತಿಂಗಳಿಗೊಮ್ಮೆ ಸೇರಿ ಓದಿದ ಪುಸ್ತಕದ ಬಗ್ಗೆ ಮಾತಾಡುತ್ತಿದ್ದೆವು. ಅವರನ್ನು ಎಲ್ಲರೂ ಮೇಡಂ ಅಂತಲೇ ಕರೆಯುವುದು. ಇಟ್ಟಮಡುವಿನಿಂದ ಅಲ್ಲಿಗೆ ಹೋಗಲು ನಾನು ಗಂಡನ ಒಪ್ಪಿಗೆ ಪಡೆಯಬೇಕಿತ್ತು. ಹೊರಟಾಗ ಫೋನ್, ತಲುಪಿದಾಗ ಫೋನ್. ಗಂಡನ ಅಪ್ಪನ ಹೊಲವಿದ್ದ ಜಾಗದಲ್ಲೇ ಎದ್ದ ಕಟ್ಟಡ ನಮ್ಮದು; ಕೆಳಗೆಲ್ಲ ಬಾಡಿಗೆಯವರು, ಮೇಲೆ ಗಂಡ, ನಾನು, ಮಗಳು. ನನಗೆ ಏಟು ಬೀಳುವ ಸದ್ದು ಬಾಡಿಗೆಯವರಿಗೆ ಕೇಳಿಸುತ್ತಿತ್ತು. ಯಾರೂ ಏನೂ ಅನ್ನುತ್ತಿರಲಿಲ್ಲ.

ಆ ಸಲ ಒಂದು ಕಾದಂಬರಿಯ ಬಗ್ಗೆ ನಾನು ಮಾತಾಡಬೇಕಿತ್ತು. ಗಂಡನ ಮನೆಯಲ್ಲಿ ನರಳಿದ ಹೆಂಗಸು ಒಂದು ದಿನ ಎದ್ದು ಹೊರಡುತ್ತಾಳೆ, ಸ್ವಂತ ಹೊಲಿಗೆ ಅಂಗಡಿ ಇಡುತ್ತಾಳೆ. ಅನ್ನಕ್ಕಿಟ್ಟು ಅಡುಗೆಮನೆಯಲ್ಲೇ ನಿಂತು ಓದಿದ್ದೆ. ಮತ್ತೆ ಮತ್ತೆ ಓದಿದ್ದೆ.

ಎಲ್ಲರೂ ಅವಳ ಧೈರ್ಯವನ್ನು ಹೊಗಳಿದರು. ನಾನು ಭಾಷೆ, ಪಾತ್ರಚಿತ್ರಣ ಅಂತ ಏನೇನೋ ಸಿದ್ಧಮಾಡಿಕೊಂಡು ಹೋಗಿದ್ದೆ. ಬಾಯಿಗೆ ಬಂದದ್ದೇ ಬೇರೆ. ಒಂದು ಅಧ್ಯಾಯದ ಕೊನೆಗೆ ಹೊಸ್ತಿಲು ದಾಟುತ್ತಾಳೆ, ಮುಂದಿನ ಅಧ್ಯಾಯ ಶುರುವಾಗುವಾಗ ಎಷ್ಟೋ ವರ್ಷ ಕಳೆದುಹೋಗಿರುತ್ತದೆ ಅಂದೆ. ಲೇಖಕರು ಅವಳಿಗೆ ಮಕ್ಕಳನ್ನೂ ಕೊಟ್ಟಿಲ್ಲ, ಹಾಗಾಗಿ ಅವಳು ಕೈಬೀಸಿಕೊಂಡು ಹೊರಟುಬಿಡಬಹುದು. ಕಾದಂಬರಿ ಎಲ್ಲವನ್ನೂ ಹೇಳಬೇಕಾಗಿಲ್ಲವಲ್ಲ ಅಂತ ಒಬ್ಬರು ಮೆಲ್ಲಗೆ ತಿದ್ದಲು ನೋಡಿದರು.

"ಅವತ್ತು ಅವಳು ಯಾರ ಮನೆ ಬಾಗಿಲು ತಟ್ಟಿದ್ಳು? ನನಗೆ ಬೇಕಾಗಿರೋದು ಅದೊಂದೇ" ಅಂದೆ. ಅಷ್ಟರಲ್ಲಿ ನನ್ನ ಫೋನ್ ಹೊಡೆದುಕೊಳ್ಳತೊಡಗಿತು. ಗಂಡನದೇ.

ಗೇಟಿನವರೆಗೂ ಬಂದ ಮೇಡಂ, "ನಡುವೆ ಬಿಟ್ಟ ಆ ಅಧ್ಯಾಯ ನನಗೂ ಗೊತ್ತಿಲ್ಲಮ್ಮ. ನಮ್ಮನೆ ಮೇಲೊಂದು ರೂಮು ಖಾಲಿ ಇದೆ, ಅಷ್ಟು ಗೊತ್ತು" ಅಂದರು.

ಮನೆಯಲ್ಲಿ ಊಟಕ್ಕೆ ಕೂತಾಗ ಗಂಡ ಕಥೆ ಏನು ಅಂತ ಕೇಳಿದರು. ಹೇಳಿದೆ. ಪೂರ್ತಿ ಕೇಳಿಸಿಕೊಂಡರು.

"ಕೊನೆಗೆ ವಾಪಸ್ ಬಂದ್ಳಾ?"

"ಇಲ್ಲ."

ತಟ್ಟೆಯಲ್ಲೇ ಕೈ ತೊಳೆದು ಎದ್ದರು. ಇನ್ನು ಮೇಲೆ ಪುಸ್ತಕ ಗಿಸ್ತಕ ಅಂತ ಎಲ್ಲೂ ಹೋಗಕೂಡದು ಅಂದರು. ನನ್ನ ಫೋನ್ ಅವರ ಬೀರು ಸೇರಿತು.

ಆಮೇಲೂ ನಾನು ಹೊರಡಲಿಲ್ಲ. ತವರಿನಲ್ಲಿ ಅಣ್ಣ ಹೊಂದಿಕೊಂಡು ಹೋಗು ಅಂತ ಮೊದಲೇ ಹೇಳಿ ಮುಗಿಸಿದ್ದ. ಬಟ್ಟೆ ಒಣಹಾಕಲು ತಾರಸಿಗೆ ಹೋದರೆ ಕೆಳಗೆ ನೋಡಲು ಹೆದರಿಕೆಯಾಗುತ್ತಿತ್ತು. ನನ್ನ ಮೇಲೆ ನನಗೇ ನಂಬಿಕೆ ಇರಲಿಲ್ಲ.

ಒಂದು ಬೆಳಿಗ್ಗೆ, ಜೊತೆಯಲ್ಲಿ ಓದುವ ಹುಡುಗನ ಹತ್ತಿರ ರಸ್ತೆಯಲ್ಲಿ ಮಾತಾಡುತ್ತಿದ್ದಳೆಂದು ಒಂಬತ್ತನೇ ಕ್ಲಾಸಿನ ಮಗಳಿಗೆ ಗಂಡ ಬೆಲ್ಟಿನಲ್ಲಿ ಹೊಡೆದರು. ಅವಳು ಅಳಲಿಲ್ಲ. ಯೂನಿಫಾರಂ ತೋಳು ಎಳೆದು ಬಾಸುಂಡೆ ಮುಚ್ಚಿಕೊಂಡಳು. ಥೇಟ್ ನನ್ನ ಹಾಗೆ. ಮಧ್ಯಾಹ್ನ ಸ್ಕೂಲಿಗೆ ಹೋಗಿ, ಮೈ ಹುಷಾರಿಲ್ಲ ಅಂತ ಹೇಳಿ ಅವಳನ್ನು ಕರೆದುಕೊಂಡು ಆಟೋ ಹತ್ತಿದೆ.

ಮೇಡಂ ಏನೂ ಕೇಳದೆ ರೂಮು ತೆಗೆದುಕೊಟ್ಟರು. ಮಗಳು ಗೋಡೆಯ ಕಡೆ ತಿರುಗಿ ಮಲಗಿದಳು. "ಪುಸ್ತಕ ಎಲ್ಲಾ ಅಲ್ಲೇ ಇದೆ. ನನ್ನನ್ನ ಒಂದು ಮಾತು ಕೇಳ್ಬೇಕಿತ್ತು ತಾನೆ ನೀನು?" ಅಂದಳು. ಆಮೇಲೆ ಬಹಳ ದಿನ ನನ್ನ ಜೊತೆ ಮಾತಾಡಲಿಲ್ಲ. ಗಂಡ ಬಂದು ಗೇಟಿನ ಹತ್ತಿರ ಕೂಗಾಡಿದರು. ಮೇಡಂ ಬಾಗಿಲು ತೆಗೆಯಲಿಲ್ಲ.

ಈಗ ಅರೆಕೆರೆಯಲ್ಲಿ ಒಂದು ರೂಮು ಹಿಡಿದಿದ್ದೇವೆ. ನಾನು ನರ್ಸರಿ ಮಕ್ಕಳಿಗೆ ಪಾಠ ಹೇಳುತ್ತೇನೆ. ಭಾನುವಾರ ಮಗಳು ಅಪ್ಪನನ್ನು ನೋಡಲು ಹೋಗುತ್ತಾಳೆ, ಹಟ ಮಾಡಿ. ಅಲ್ಲಿ ಎಸಿ ಇದೆ, ಅವಳದೇ ಕೋಣೆ ಇದೆ. ಅವಳು ಬರುವವರೆಗೆ ನನಗೆ ಒಲೆ ಹಚ್ಚಲು ಮನಸ್ಸಾಗುವುದಿಲ್ಲ.

ಹೋದ ವಾರ ಬಂದವಳು ಚಪ್ಪಲಿ ಬಿಡುತ್ತಾ, "ಅಪ್ಪ ಅಲ್ಲೇ ಇರು ಅಂದ್ರು" ಅಂದಳು.

ಅದಕ್ಕೆ ನೀನೇನಂದೆ ಅಂತ ಕೇಳುವ ಧೈರ್ಯ ನನಗಾಗಲಿಲ್ಲ. ಹಸಿವಾಗಿದೆಯಾ ಅಂದೆ. ಹೂಂ ಅಂದಳು. ಅಕ್ಕಿ ತೊಳೆಯಲು ಎದ್ದೆ.