ಹತ್ತಡಿ ಶೆಡ್ಡು, ಒಂದು ಲಿಫ್ಟು

ಅಳತೆಯ ವಿಷಯ ಬಂದರೆ ನಮ್ಮ ಮನೆಯಲ್ಲಿ ನನ್ನದೇ ಕೊನೆಯ ಮಾತು. ಹಡಗಲಿಯ ಒಂದು ಸರ್ಕಾರಿ ಕಚೇರಿಯಲ್ಲಿ ನಕಾಶೆ ಬರೆಯುವ ಕೆಲಸ ನನ್ನದು. ಶಾಲೆಯ ಕೋಣೆ, ರಸ್ತೆಯ ಮೋರಿ, ಆಸ್ಪತ್ರೆಯ ಮೆಟ್ಟಿಲು, ಏನೇ ಇರಲಿ, ಒಂದಿಂಚು ತಪ್ಪಿದರೂ ನನಗೆ ಊಟ ಸೇರುತ್ತಿರಲಿಲ್ಲ. ಕೊಟ್ಟೂರಿನ ಮನೆಯಲ್ಲಿದ್ದ ಅಣ್ಣ ಕಾರು ರಿಪೇರಿ ಮಾಡುವವನು, ಏಳನೆಯ ತರಗತಿಗೆ ಶಾಲೆ ಬಿಟ್ಟವನು. ಇಬ್ಬರಲ್ಲಿ ಓದಿದವನು ನಾನು ಎಂಬ ಜಂಬ ನನಗೆ ಚಿಕ್ಕಂದಿನಿಂದಲೂ ಇತ್ತು. ಈಗ ಪೂರ್ತಿ ಹೋಗಿದೆ ಎಂದರೆ ಸುಳ್ಳಾಗುತ್ತದೆ.

ಅಣ್ಣನ ವರ್ಕ್‌ಶಾಪ್ ಎಂದರೆ ಮನೆಯ ಬಲಗೋಡೆಗೆ ಆನಿಸಿ ಕಟ್ಟಿದ ತಗಡಿನ ಶೆಡ್ಡು, ಅದರ ನಡುವೆ ಆಳೆತ್ತರದ ಒಂದು ಗುಂಡಿ. ಗುಂಡಿಯ ಮೇಲೆ ಕಾರು ನಿಲ್ಲಿಸಿ, ತಾನು ಒಳಗಿಳಿದು, ಕೈ ಮೇಲೆತ್ತಿ ಕೆಲಸ ಮಾಡುತ್ತಿದ್ದ. ಕೂಡ್ಲಿಗಿಯಿಂದ, ಗುಡೇಕೋಟೆಯಿಂದೆಲ್ಲ ಜೀಪುಗಳು ಬರುತ್ತಿದ್ದವು. ಗಿರಾಕಿಗಳ ಜೊತೆ ದಿನಾ ಜಗಳ. ಎಣ್ಣೆ ಬದಲಿಸದೆ ಗಾಡಿ ಓಡಿಸಿದವರನ್ನು ಅವನು ಬೈಯುತ್ತಿದ್ದ ರೀತಿ ನೋಡಿದರೆ, ಅವರು ಮತ್ತೆ ಈ ಕಡೆ ತಲೆ ಹಾಕಲಾರರು ಅನ್ನಿಸಬೇಕು. ಅವರು ಮಾತ್ರ ಮುಂದಿನ ತಿಂಗಳು ಮತ್ತೆ ಬಂದು ಬೈಸಿಕೊಂಡು ಹೋಗುತ್ತಿದ್ದರು.

ಒಂದು ದಿನ ಉಚ್ಚಂಗಿದುರ್ಗಕ್ಕೆ ಹೊರಟಿದ್ದ ಬಾಡಿಗೆ ಕಾರೊಂದು ದಾರಿಯಲ್ಲಿ ಕೆಟ್ಟು ನಿಂತಿತ್ತು. ಅಣ್ಣ ಹೋದ. ಹಿಂದಿನ ದಿನ ಮಳೆಯಾಗಿ ರಸ್ತೆಯ ಪಕ್ಕದ ಎರೆಮಣ್ಣು ಮೆತ್ತಗಾಗಿತ್ತು. ಜಾಕು ಕೊಟ್ಟು ಕಾರು ಎತ್ತಿ ಕೆಳಗೆ ನುಸುಳಿದ. ಜಾಕು ವಾಲಿತು, ಕಾರು ಸೊಂಟದ ಮೇಲೆ ಕೂತಿತು. ದಾವಣಗೆರೆಯ ಆಸ್ಪತ್ರೆಯಲ್ಲಿ ನಾಲ್ಕು ತಿಂಗಳು ಇದ್ದ. ಜೀವ ಉಳಿಯಿತು, ಕಾಲುಗಳಲ್ಲಿ ಬಲ ಉಳಿಯಲಿಲ್ಲ. ಗಾಲಿ ಕುರ್ಚಿಯಲ್ಲಿ ಮನೆಗೆ ಬಂದಾಗ ಅವನಿಗೆ ನಲವತ್ತೊಂದು ವರ್ಷ.

ಮೊದಮೊದಲು ಗಿರಾಕಿಗಳು ಕಾರ್ಬುರೇಟರು, ಡೈನಮೋ ಬಿಚ್ಚಿ ತಂದು ಅವನ ತೊಡೆಯ ಮೇಲಿಡುತ್ತಿದ್ದರು. ಆಮೇಲೆ ಅದೂ ಕಮ್ಮಿಯಾಯಿತು. ಕೆಲವರು ಗಾಡಿ ತಂದು ಬಾಗಿಲ ಮುಂದೆ ಸ್ಟಾರ್ಟ್ ಮಾಡುತ್ತಿದ್ದರು. ಅಣ್ಣ ಕಣ್ಣು ಮುಚ್ಚಿ ಸದ್ದು ಕೇಳಿ, ಎಲ್ಲಿ ಏನು ಸವೆದಿದೆ ಎಂದು ಹೇಳುತ್ತಿದ್ದ. ಅವರು ಅದನ್ನು ಕೇಳಿಕೊಂಡು ಬಸ್‌ಸ್ಟ್ಯಾಂಡ್ ಹತ್ತಿರದ ಇನ್ನೊಬ್ಬ ಮೆಕ್ಯಾನಿಕನ ಬಳಿಗೆ ಹೋಗುತ್ತಿದ್ದರು. ನನಗೆ ಅವರ ಮೇಲೆ ಮೈಯೆಲ್ಲ ಉರಿಯುತ್ತಿತ್ತು. ಈಗ ಯೋಚಿಸಿದರೆ ಪಾಪ, ಅವರೇನು ಕೆಟ್ಟವರಲ್ಲ. ಗಾಲಿ ಕುರ್ಚಿಯಲ್ಲಿ ಕೂತವನಿಗೆ ಕಾರಿನ ಕೆಳಗೆ ಹೋಗು ಎಂದು ಯಾವ ಬಾಯಲ್ಲಿ ಹೇಳುವುದು?

ಊರಿನವರೆಲ್ಲ ಸಲಹೆ ಕೊಟ್ಟರು. ಕಿರಾಣಿ ಅಂಗಡಿ ಇಡಲಿ, ಬೀಡಾ ಅಂಗಡಿ ಇಡಲಿ ಎಂದರು. ನನ್ನದೂ ಒಂದು ಸಲಹೆ ಇತ್ತು. ಆಗ ಅಂಗವಿಕಲರಿಗೆ ಎಸ್‌ಟಿಡಿ ಫೋನ್ ಬೂತ್ ಕೊಡುತ್ತಿದ್ದರು. ಕಚೇರಿಯಿಂದ ಕಚೇರಿಗೆ ಅಲೆದು ಫಾರಂ ತಂದು, ನಾನೇ ಚೆಂದದ ಅಕ್ಷರದಲ್ಲಿ ತುಂಬಿ, ಸಹಿಯೊಂದು ಬಾಕಿ ಇಟ್ಟು ಅಣ್ಣನ ಮುಂದೆ ಹಿಡಿದೆ. ಅವನು ಪೆನ್ನು ಮುಟ್ಟಲಿಲ್ಲ.

"ಮಂದಿ ಮಾತಾಡೋದು ಕೇಳ್ಕೋತ ಕುಂದ್ರಾಕ ನನ್ನ ಕೈಲಿ ಆಗಂಗಿಲ್ಲ" ಎಂದ. ಆಮೇಲೆ, ಹರಪನಹಳ್ಳಿಯಲ್ಲಿ ಒಬ್ಬರು ಗ್ಯಾರೇಜು ಮುಚ್ಚುತ್ತಿದ್ದಾರೆ, ಅವರ ಬಳಿ ಕಾರು ಎತ್ತುವ ಲಿಫ್ಟು ಇದೆ, ಹೋಗಿ ನೋಡಿ ಬರೋಣ ಎಂದ. ತನಗೆ ಕೆಳಗೆ ಹೋಗಲಾಗದಿದ್ದರೆ ಕಾರೇ ಮೇಲೆ ಹೋಗಲಿ ಎಂಬುದು ಅವನ ಲೆಕ್ಕ. ನನಗೆ ಅದು ಹುಚ್ಚುತನವಾಗಿ ಕಂಡಿತು. ಆದರೆ ಒಂದೂವರೆ ವರ್ಷದಲ್ಲಿ ಅವನು ಬಾಯಿ ಬಿಟ್ಟು ಕೇಳಿದ ಮೊದಲ ಸಂಗತಿ ಅದು. ಕಾರು ಮಾಡಿಕೊಂಡು ಹೋದೆವು.

ಆ ಗ್ಯಾರೇಜಿನಲ್ಲಿ ಎರಡು ಲಿಫ್ಟುಗಳಿದ್ದವು. ಎರಡಕ್ಕೂ ಎರಡೆರಡು ಕಂಬ, ಕಂಬಗಳಿಂದ ಚಾಚಿದ ತೋಳುಗಳು. ಒಂದು ಎಣ್ಣೆಯ ಒತ್ತಡದ್ದು, ಹೊಸದು, ಕಾರನ್ನು ಸದ್ದಿಲ್ಲದೆ ಎತ್ತುತ್ತಿತ್ತು. ಇನ್ನೊಂದು ಹಳೆಯದು, ಉದ್ದನೆಯ ಸ್ಕ್ರೂ ತಿರುಗಿ ಮೇಲೇರುವಂಥದ್ದು, ಏರುವಾಗ ಮುದುಕರು ಮೆಟ್ಟಿಲು ಹತ್ತಿದ ಹಾಗೆ ನರಳುತ್ತಿತ್ತು. ಗ್ಯಾರೇಜಿನ ಹಿರಿಯರು ಒಳ್ಳೆಯ ಮನುಷ್ಯರು. ಹೊಸದನ್ನೇ ಒಯ್ಯಿರಿ, ಹಳೆಯದನ್ನು ಗುಜರಿಗೆ ಹಾಕುತ್ತೇನೆ ಎಂದರು. ನಾನೂ ಹೌದೆಂದು ತಲೆಯಾಡಿಸಿದೆ.

ಅಣ್ಣ ಎರಡರ ಮೇಲೂ ಒಂದೊಂದು ಕಾರು ಏರಿಸಲು ಕೇಳಿಕೊಂಡ. ಆಮೇಲೆ ಮೇನ್ ಸ್ವಿಚ್ ಆಫ್ ಮಾಡಿಸಿದ. ಚಹಾ ಬಂತು. ಎರಡು ಕಾರುಗಳ ನಡುವೆ ಕುರ್ಚಿ ನಿಲ್ಲಿಸಿಕೊಂಡು ಅದನ್ನೊಮ್ಮೆ ಇದನ್ನೊಮ್ಮೆ ನೋಡುತ್ತಾ ಅರ್ಧ ಗಂಟೆ ಕೂತ. ಎಣ್ಣೆಯದು ಎರಡು ಬೆರಳಿನಷ್ಟು ಕೆಳಗೆ ಬಂದಿತ್ತು. ಅದಕ್ಕೆ ಕೊಂಡಿ ಹಾಕಿದರೆ ಇಳಿಯುವುದಿಲ್ಲ, ಎಲ್ಲ ಕಡೆ ಹಾಗೇ ಮಾಡುತ್ತಾರೆ ಎಂದು ಹಿರಿಯರು ಹೇಳಿದರು. ಅಣ್ಣನಿಗೂ ಅದು ಗೊತ್ತಿತ್ತು. ಆದರೂ ಸ್ಕ್ರೂ ಲಿಫ್ಟನ್ನೇ ತೋರಿಸಿ, "ಇದು ಇದ್ದಲ್ಲೇ ಐತಿ ನೋಡ್ರಿ, ಇದನ್ನ ಕೊಡ್ರಿ" ಎಂದ. ಅವರು ಅವನ ಕಾಲುಗಳ ಕಡೆ ನೋಡಿದರು, ಮತ್ತೆ ಒತ್ತಾಯ ಮಾಡಲಿಲ್ಲ.

ಮನೆಗೆ ಬಂದ ಮೇಲೆ ನನ್ನ ಸರದಿ ಬಂತು. ಟೇಪು ಹಿಡಿದು ಶೆಡ್ಡು ಅಳೆದೆ. ನೆಲದಿಂದ ತಗಡಿಗೆ ಸರಿಯಾಗಿ ಹತ್ತಡಿ. ಕಾರಿನ ಹೊಟ್ಟೆ ಆಳಿನ ತಲೆಗಿಂತ ಮೇಲಿರಬೇಕು, ಕಾರಿನ ನೆತ್ತಿ ತಗಡಿಗೆ ತಾಗಬಾರದು. ಎಷ್ಟು ಸಲ ಕೂಡಿಸಿದರೂ ಹನ್ನೊಂದಡಿ ಬೇಕೇ ಬೇಕು. ತಗಡು ಎತ್ತರಿಸೋಣವೆಂದರೆ ನಮ್ಮದು ಮಣ್ಣಿನ ಮಾಳಿಗೆ ಮನೆ. ತಗಡು ಅದಕ್ಕಿಂತ ಮೇಲೇರಿದರೆ ಶೆಡ್ಡಿನ ನೀರೆಲ್ಲ ಮಾಳಿಗೆಯ ಮೇಲೆ ಬಿದ್ದು ಸೋರುತ್ತದೆ. ಹಾಗಾಗಿ ಹರಪನಹಳ್ಳಿ ರಸ್ತೆಯಲ್ಲಿ ಎತ್ತರದ ಒಂದು ಗೋದಾಮು ಹುಡುಕಿದೆ. ಲಿಫ್ಟನ್ನು ಅಲ್ಲಿಡುವುದು, ಅಣ್ಣನನ್ನು ದಿನಾ ಬೆಳಿಗ್ಗೆ ಆಟೋದಲ್ಲಿ ಒಯ್ಯುವುದು, ಸಂಜೆ ತರುವುದು ಎಂದು ತೀರ್ಮಾನ ಕೊಟ್ಟೆ.

ಅಣ್ಣನ ಮುಖ ಬಿದ್ದುಹೋಯಿತು. ಆಟೋಗೆ ಹತ್ತಿಸಲು ಇಬ್ಬರು, ಇಳಿಸಲು ಇಬ್ಬರು, ಮೂತ್ರಕ್ಕೆ ಹೋಗಬೇಕೆಂದರೆ ಮತ್ತೊಬ್ಬರು. ಮನೆಯ ಶೆಡ್ಡಿಗಾದರೆ ತಾನೇ ಗಾಲಿ ತಿರುಗಿಸಿಕೊಂಡು ಹೋಗಬಹುದಿತ್ತು. ತನ್ನನ್ನು ದಿನಾ ಹೊತ್ತುಕೊಂಡು ಹೋಗಬೇಕಾದರೆ ಲಿಫ್ಟೇ ಬೇಡ ಎಂದುಬಿಟ್ಟ. ನನಗೂ ಸಿಟ್ಟು ಬಂತು. ಇಲ್ಲಿ ಆಗುವುದಿಲ್ಲ ಎನ್ನುವುದನ್ನು ಅವನಿಗೆ ಕಣ್ಣಿಗೆ ಕಟ್ಟುವಂತೆ ತೋರಿಸಿಯೇ ಬಿಡುತ್ತೇನೆ ಎಂದುಕೊಂಡು ಹಡಗಲಿಗೆ ಹೋದೆ.

ಒಂದು ವಾರ ಕಚೇರಿ ಮುಗಿದ ಮೇಲೆ ಕೂತು ನಕಾಶೆ ಬರೆದೆ. ಶೆಡ್ಡು, ಗೋಡೆ, ಎರಡು ಕಂಬ, ಮೇಲೆ ಅಂಬಾಸಿಡರ್ ಕಾರು. ಕಾರಿನ ನೆತ್ತಿ ತಗಡು ಸೀಳಿಕೊಂಡು ಹೊರಬಂದದ್ದನ್ನು ಕೆಂಪು ಮಸಿಯಲ್ಲಿ ತೋರಿಸಿದೆ. ಕಾರಿನ ಕೆಳಗೆ ಒಬ್ಬ ಮನುಷ್ಯನನ್ನೂ ಬರೆದೆ, ಕೈಯಲ್ಲಿ ನಟ್ಟು ತಿರುಗಿಸುವ ಪಾನಾ ಕೂಡ ಕೊಟ್ಟೆ. ಅಷ್ಟು ಒಳ್ಳೆಯ ನಕಾಶೆಯನ್ನು ನಾನು ಸರ್ಕಾರಕ್ಕೂ ಬರೆದುಕೊಟ್ಟಿರಲಿಲ್ಲ. ಶನಿವಾರ ಹಗರಿಬೊಮ್ಮನಹಳ್ಳಿಯಲ್ಲಿ ಬಸ್ಸು ಬದಲಿಸಿ, ಸುರುಳಿ ನಜ್ಜಾಗದಂತೆ ಎದೆಗಪ್ಪಿಕೊಂಡು ಊರಿಗೆ ಬಂದೆ.

ಅಣ್ಣ ಅದನ್ನು ತೊಡೆಯ ಮೇಲೆ ಹರಡಿಕೊಂಡು ಬಹಳ ಹೊತ್ತು ನೋಡಿದ. ಕೆಂಪು ಮಸಿಯನ್ನು ನೋಡುತ್ತಿರಲಿಲ್ಲ. ಕೆಳಗಿದ್ದ ಮನುಷ್ಯನ ಮೇಲೆ ಬೆರಳಿಟ್ಟ.

"ಇವ ಯಾರಲೇ?"

"ನೀನ, ಅಣ್ಣ. ಐದಡಿ ಎಂಟಿಂಚು."

ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಇವನ್ನ ಕುಂದ್ರಸು ತಮ್ಮ" ಎಂದ. "ಕುಂದ್ರಿಸಿ ಮತ್ತ ಅಳತಿ ಹಾಕು."

ಒಂದೂವರೆ ವರ್ಷ ಪ್ರತಿ ಶನಿವಾರ ಬಂದು ಅವನನ್ನು ಕಂಕುಳಲ್ಲಿ ಕೈಕೊಟ್ಟು ಎತ್ತಿ ಕುರ್ಚಿಗೆ ಕೂರಿಸಿದವನು ನಾನು. ಆ ಕುರ್ಚಿಯ ಗಾಲಿಗೆ ಎಣ್ಣೆ ಬಿಟ್ಟವನು ನಾನು. ಆದರೂ ಪೆನ್ಸಿಲ್ ಹಿಡಿದ ಕೂಡಲೇ ಅವನನ್ನು ನಿಲ್ಲಿಸಿದ್ದೆ. ತಪ್ಪು ಕೂಡಿಸುವುದರಲ್ಲಿ ಇರಲಿಲ್ಲ. ನನ್ನ ಮನಸ್ಸಿನಲ್ಲಿ ಅಣ್ಣ ಇನ್ನೂ ನಿಂತೇ ಇದ್ದ, ಅಷ್ಟೇ. ಕಣ್ಣಲ್ಲಿ ನೀರು ಬಂತು, ಮುಚ್ಚಿಡಲಿಲ್ಲ.

ಟೇಪು ಹುಡುಕಲು ಒಳಗೆ ಹೋದೆ. ಅಡುಗೆಮನೆಯಲ್ಲಿದ್ದ ಅತ್ತಿಗೆ, ಕೂತರೆ ಅವನ ತಲೆ ಎಲ್ಲಿಗೆ ಬರುತ್ತದೆ ಎಂಬುದನ್ನು ಅಳೆಯದೆಯೇ ಗೋಡೆಯ ಮೇಲೆ ಕೈಯಿಟ್ಟು ತೋರಿಸಿದಳು. ಆಗಷ್ಟೇ ನಾನು ಮನೆಯನ್ನು ಸರಿಯಾಗಿ ನೋಡಿದ್ದು. ಕನ್ನಡಿ ಕೆಳಗೆ ಬಂದಿತ್ತು. ಅಂಗಿ ಹಾಕುವ ಗೂಟ ಕೆಳಗೆ ಬಂದಿತ್ತು. ನೀರಿನ ಕೊಡ, ದೀಪದ ಸ್ವಿಚ್ಚು, ದೇವರ ಪಟ, ಎಲ್ಲವೂ ಕೂತವನ ಕೈಗೆ, ಕಣ್ಣಿಗೆ ಸಿಗುವಂತೆ ಇಳಿದಿದ್ದವು. ಪ್ರತಿ ವಾರ ಅದೇ ಕನ್ನಡಿಯಲ್ಲಿ ಬಗ್ಗಿ ತಲೆ ಬಾಚಿಕೊಂಡಿದ್ದೆ. ಯಾಕೆ ಬಗ್ಗುತ್ತಿದ್ದೇನೆ ಎಂದು ಒಂದು ಸಲವೂ ಕೇಳಿಕೊಂಡಿರಲಿಲ್ಲ.

ಹೊಸ ಅಳತೆಯಲ್ಲಿ ಲಿಫ್ಟಿಗೆ ಬೇಕಾದದ್ದು ಒಂಬತ್ತಡಿ ಮೂರಿಂಚು. ತಗಡಿಗೂ ಕಾರಿಗೂ ನಡುವೆ ಒಂದು ಗೇಣು ಉಳಿಯಿತು.

ಲಿಫ್ಟನ್ನು ತರುವುದು ಬೇರೆಯೇ ಕಥೆ. ಹರಪನಹಳ್ಳಿಯ ಕಾಂಕ್ರೀಟಿನಲ್ಲಿ ಅದರ ಬೋಲ್ಟುಗಳು ಬೇರು ಬಿಟ್ಟಂತೆ ಕೂತಿದ್ದವು. ಎರಡು ದಿನ ಉಳಿ ಸುತ್ತಿಗೆ ಹಿಡಿದು ಕೆತ್ತಿದೆವು. ಕಂಬಗಳನ್ನು ಹುಲ್ಲಿನ ಚೀಲಗಳ ಮೇಲೆ ಮಲಗಿಸಿ ಟ್ರ್ಯಾಕ್ಟರಿನಲ್ಲಿ ತಂದೆವು. ಗ್ಯಾರೇಜಿನ ಹಿರಿಯರು ಸ್ಕ್ರೂಗೆ ತಾವೇ ಗ್ರೀಸು ಸವರಿ ಕಳಿಸಿದರು. ಶೆಡ್ಡಿನಲ್ಲಿ ಕಂಬ ನಿಲ್ಲಿಸಬೇಕಾದರೆ ಗುಂಡಿ ಮುಚ್ಚಲೇಬೇಕಿತ್ತು. ಹದಿನೆಂಟು ವರ್ಷ ತಾನು ಇಳಿದು ಹತ್ತಿದ ಗುಂಡಿಗೆ ಕಲ್ಲು, ಕಾಂಕ್ರೀಟು ಬೀಳುವುದನ್ನು ಅಣ್ಣ ಹೊಸ್ತಿಲಲ್ಲಿ ಕೂತು ನೋಡಿದ. ನಾನು ಅವನ ಕಡೆ ನೋಡದೆ ಕಲ್ಲು ಎತ್ತಿಕೊಡುತ್ತಿದ್ದೆ. ಅವನು ಮಾತ್ರ ಮೂಲೆಯಲ್ಲಿ ಇನ್ನೂ ಸ್ವಲ್ಪ ಕುಟ್ಟಿ ದಮ್ಮಸ್ಸು ಮಾಡಿ ಎಂದು ಕೆಲಸದವರಿಗೆ ಹೇಳುತ್ತಿದ್ದ. ಮೂರು ವಾರ ಅತ್ತಿಗೆ ಗೋಣಿಚೀಲ ಹಾಸಿ ಆ ಕಾಂಕ್ರೀಟಿಗೆ ನೀರುಣಿಸಿದಳು. ಮೂರು ಫೇಸಿನ ಕರೆಂಟಿಗೆ ನಾನು ಓಡಾಡಿದ್ದನ್ನು ಬರೆಯಲು ಹೋದರೆ ನನ್ನ ಸಿಟ್ಟು ಮತ್ತೆ ಏರುತ್ತದೆ, ಬಿಡಿ.

ಮೊದಲು ಏರಿದ್ದು ಒಬ್ಬ ಮೇಷ್ಟರ ಅಂಬಾಸಿಡರ್. ಒಂದು ಭಾನುವಾರ, ಹೊತ್ತು ಏರಿದ ಮೇಲೆ. ಸ್ಕ್ರೂ ನರಳಿತು, ಕಾರು ಇಂಚಿಂಚಾಗಿ ಮೇಲೆದ್ದು ನಿಂತಿತು. ಮತ್ತೆ ಕಾರಿನ ಕೆಳಗೆ ಹೋಗುತ್ತಿದ್ದಾನೆ ಎಂದು ನಾನು ಲಿಫ್ಟಿನ ಒಂದೊಂದು ತೋಳನ್ನೂ ಅಲುಗಿಸಿ ನೋಡಿದೆ. ನಾನು ಕುರ್ಚಿ ತಳ್ಳಲು ಮುಂದಾದೆ, ಅಣ್ಣ ನನ್ನ ಕೈ ಸರಿಸಿ ತಾನೇ ಗಾಲಿ ತಿರುಗಿಸಿಕೊಂಡು ಒಳಗೆ ಹೋದ. ಕಾರಿನ ಹೊಟ್ಟೆ ಅವನ ತಲೆಯ ಮೇಲೆ ನಾಲ್ಕು ಬೆರಳಿನಷ್ಟು ದೂರದಲ್ಲಿತ್ತು. ಕೈ ಎತ್ತಿ ಒಂದೊಂದೇ ಭಾಗವನ್ನು ಮುಟ್ಟಿ ನೋಡಿದ, ಆಮೇಲೆ ಪಾನಾ ಕೇಳಿದ. ನಾನು ನಡು ಬಗ್ಗಿಸಿ ಒಳಗೆ ನುಗ್ಗಿ ಕೊಟ್ಟೆ. ಸ್ವಲ್ಪ ಹೊತ್ತಿಗೆ, ಎಣ್ಣೆಯನ್ನೇ ಬದಲಿಸಿಲ್ಲ ಎಂದು ಮೇಷ್ಟರಿಗೆ ಬೈಗುಳ ಶುರುವಾಯಿತು. ಮೇಷ್ಟರು ಕೈಕಟ್ಟಿ ನಿಂತು, ಮುಖ ಅರಳಿಸಿಕೊಂಡು ಕೇಳಿದರು.

ಅತ್ತಿಗೆ ಒಳಗಿನಿಂದ ಊಟಕ್ಕೆ ಕರೆದಳು.

"ತಡಿ, ಕೆಲಸ ಐತಿ" ಎಂದ ಅಣ್ಣ.

ಒಂದೂವರೆ ವರ್ಷದಿಂದ ಕಾಯುತ್ತಿದ್ದವನು ಅವನು. ಯಾರಾದರೂ ಬಂದು ಎತ್ತಲಿ, ಸ್ನಾನ ಮಾಡಿಸಲಿ, ತಟ್ಟೆ ತಂದು ಮುಂದಿಡಲಿ ಎಂದು ಬಾಗಿಲ ಕಡೆ ನೋಡುತ್ತಾ ಕಾದಿದ್ದ. ಇನ್ನೊಬ್ಬರನ್ನು ಕಾಯಿಸುವ ಕೆಲಸವೇ ಅವನಿಗಿರಲಿಲ್ಲ. ನಾನು ಒಳಗೆ ಹೋದಾಗ ಅತ್ತಿಗೆ ಬಡಿಸಿದ ತಟ್ಟೆಗೆ ಇನ್ನೊಂದು ತಟ್ಟೆ ಮುಚ್ಚಿ, ಸೆರಗಿನಿಂದ ಕಣ್ಣೊರೆಸಿಕೊಂಡು ಗೋಡೆಗೆ ಒರಗಿ ಕೂತಿದ್ದಳು. ನೀನಾದರೂ ಉಣ್ಣು ಎಂದಳು. ನಾನು ಬೇಡವೆಂದು ಅವಳ ಎದುರಿಗೆ ಕೂತೆ. ಅವಳು ಅವನನ್ನು ಮತ್ತೆ ಕರೆಯಲಿಲ್ಲ. ಆ ದಿನ ನಮ್ಮ ಮನೆಯಲ್ಲಿ ಮೂರು ಗಂಟೆಯ ಮೇಲೆ ಊಟವಾಯಿತು.